ತಾಲೀಮಿನ ಮಣ್ಣು, ವಖಾರಿಯ ಸಿಮೆಂಟು

ನಿಪ್ಪಾಣಿಯಲ್ಲಿ ತಂಬಾಕು ದಾಸ್ತಾನಿಡುವ ಹಳೆಯ ವಖಾರಿಯ ಅಂಗಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಭೀಮಗೊಂಡ ಮಗದುಮ್ಮ ಕಸ ಗುಡಿಸುತ್ತಿದ್ದಾರೆ. ಅವರ ಕೈಯಲ್ಲಿರುವ ಕಸಬರಿಗೆ ಪೇಟೆಯಲ್ಲಿ ಸಿಗುವಂಥದ್ದಲ್ಲ. ಉದ್ದನೆಯ ಬಿದಿರಿನ ಗಳದ ತುದಿಗೆ ಎರಡು ಕಸಬರಿಗೆ ಬಿಗಿದು ತಾವೇ ಮಾಡಿಕೊಂಡಿದ್ದಾರೆ. ಆರಡಿ ಎಂಟು ಇಂಚು ಎತ್ತರದ ಮನುಷ್ಯ. ಬಗ್ಗಬೇಕೆಂದರೆ ಮೊಣಕಾಲು ಮಡಚಬೇಕು, ಮಡಚಿದ್ದು ಮತ್ತೆ ನೆಟ್ಟಗಾಗಬೇಕೆಂದರೆ ಕೈಗೊಂದು ಆಸರೆ ಬೇಕು. ಅಂಗಳದ ನಡುವೆ ಆಸರೆ ಎಂಬುದೇ ಇಲ್ಲ. ಎರಡು ತುದಿಗೆ ಎರಡು ಬಾಸ್ಕೆಟ್‌ಬಾಲ್ ಕಂಬಗಳು, ಅವುಗಳ ನಡುವೆ ಬರೀ ಸಿಮೆಂಟು.

“ತಂಬಾಕಿನ ಹುಡಿ ಭಾಳ ಕೆಟ್ಟದ್ರಿ,” ಎನ್ನುತ್ತಾರೆ, ಕೈ ನಿಲ್ಲಿಸದೆ. “ಸಿಮೆಂಟಿನ ಮ್ಯಾಲ ಕುಂತ್ರ ಎಣ್ಣಿ ಚೆಲ್ಲಿದಂಗ. ಓಡಿ ಬಂದ ಹುಡುಗಿ ಜಾರಿದ್ಲಂದ್ರ ಕಾಲು ಒಂದ ಕಡೆ, ಆಕಿ ಒಂದ ಕಡೆ. ಅದಕ್ಕ ಗುಡಿಸಬೇಕು, ನೀರ ಹೊಡೀಬೇಕು, ಮತ್ತ ಗೋಣಿಚೀಲ ಎಳದ ಒರಸಬೇಕು. ಒರಸದ ಬಿಟ್ರ ನೀರಾಗ ಜಾರತಾರ.”

ಒರೆಸುವುದು ಮುಗಿಯುವ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಹತ್ತು ಹನ್ನೆರಡು ಮಂದಿ. ಹೆಚ್ಚಿನವರ ಮನೆಯಲ್ಲಿ ಅವ್ವ ಬೀಡಿ ಸುತ್ತುತ್ತಾಳೆ, ಶಾಲೆ ಬಿಟ್ಟ ಮೇಲೆ ಮಗಳೂ ಕೈಜೋಡಿಸುತ್ತಾಳೆ. ಆಟದ ಬೂಟು ಇರುವವರು ಕಡಿಮೆ. ಭೀಮಗೊಂಡ ಅವರಿಗೆ ಎರಡು ತಾಸು ಆಡುವುದನ್ನು ಕಲಿಸುತ್ತಾರೆ. ಆಮೇಲೆ ಅಂಗಿ ಬದಲಿಸಿ ಅದೇ ವಖಾರಿಯ ಒಳಗೆ ಹೋಗಿ ತಂಬಾಕಿನ ಚೀಲ ತೂಗುವ ಕಾಟಾದ ಮುಂದೆ ನಿಲ್ಲುತ್ತಾರೆ. ಸಂಬಳ ಬರುವುದು ಕಾಟಾದ ಕೆಲಸಕ್ಕೆ. ಅಂಗಳದ ಕೆಲಸ ಯಾರೂ ಹೇಳಿದ್ದಲ್ಲ, ಯಾರೂ ಬಿಡಿಸಿದ್ದೂ ಅಲ್ಲ.

ಈಗ ಅವರಿಗೆ ಮೂವತ್ತೇಳು. ನಡಿಗೆ ನೋಡಿದರೆ ಅರವತ್ತು ಅನ್ನಬೇಕು.

ಊರಿನಲ್ಲಿ ಮೂವತ್ತು ದಾಟಿದ ಯಾರನ್ನು ಕೇಳಿದರೂ ಆ ನಡಿಗೆಗೆ ಒಂದು ಕಾರಣ ಹೇಳುತ್ತಾರೆ. ತೊಂದರೆ ಎಂದರೆ, ಎಲ್ಲರೂ ಹೇಳುವ ಕಾರಣ ಒಂದೇ ಅಲ್ಲ. ಎಂಬತ್ತರ ದಶಕದ ಮೊದಲ ಐದು ವರ್ಷ ಭೀಮಗೊಂಡ ಈ ಭಾಗದ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರ. ಎತ್ತರದಲ್ಲಿ, ತೂಕದಲ್ಲಿ, ಹೆಸರಿನಲ್ಲಿ. ಬುಟ್ಟಿಯ ಕೆಳಗೆ ನಿಂತು ಆಡುವ ಸೆಂಟರ್. ಇಪ್ಪತ್ತೈದಕ್ಕೆ ಆಟ ನಿಂತಿತು. ನಿಲ್ಲಿಸಿದವರು ಅವರ ಗುರು ಬಾಳಾಸಾಬ ವಸ್ತಾದರೋ ಅಥವಾ ಆ ದೇಹವೇ ಅಷ್ಟು ದಿನಕ್ಕೆ ಬಂದದ್ದೋ ಎಂಬ ವಾದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಇವತ್ತಿಗೂ ಮುಗಿದಿಲ್ಲ.

ಭೀಮಗೊಂಡ ಹುಟ್ಟಿದ್ದು ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿ, ಜೈನ ಒಕ್ಕಲು ಮನೆತನದಲ್ಲಿ. ಎತ್ತರ ಆ ಮನೆಗೆ ಹೊಸದಲ್ಲ. ತಂದೆಯ ತಮ್ಮ ಜಿನ್ನಪ್ಪ ಆರೂವರೆ ಅಡಿ. ಹತ್ತನೆಯ ಇಯತ್ತೆ ಮುಗಿಸಿದ ಭೀಮಗೊಂಡ ಎರಡು ವರ್ಷ ಹೊಲದಲ್ಲಿ ದುಡಿದು, ಮನೆಯಲ್ಲಿ ಗಂಡಾಳು ಹೆಚ್ಚಾದರೆಂದು ನಿಪ್ಪಾಣಿಗೆ ಬಂದು ವಖಾರಿಯಲ್ಲಿ ಹಮಾಲಿಗೆ ಸೇರಿದರು. ಉಳಿದವರು ಏಣಿ ಹಾಕಿ ಇಡುವ ಮೇಲಿನ ಸಾಲಿಗೆ ಇವರು ನೆಲದ ಮೇಲೆ ನಿಂತೇ ಚೀಲ ಇಡುತ್ತಿದ್ದರು. ೧೯೮೦ರಲ್ಲಿ ಒಂದು ದಿನ ಅದು ಬಾಳಾಸಾಬರ ಕಣ್ಣಿಗೆ ಬಿತ್ತು.

ಬಾಳಾಸಾಬ ಒಂದು ಹೈಸ್ಕೂಲಿನ ದೈಹಿಕ ಶಿಕ್ಷಕರು. ಅದಕ್ಕಿಂತ ಮುಖ್ಯವಾಗಿ ಕುಸ್ತಿಯ ವಸ್ತಾದರು, ಅಂದರೆ ತಾಲೀಮು ಎಂಬ ಗರಡಿಮನೆಯಲ್ಲಿ ಪೈಲವಾನರನ್ನು ತಯಾರು ಮಾಡುವ ಗುರು. ಕೊಲ್ಲಾಪುರದ ಮಣ್ಣಿನಲ್ಲಿ ಹೊರಳಿ ಬೆಳೆದವರು. ಬಾಸ್ಕೆಟ್‌ಬಾಲ್ ಅವರಿಗೆ ನಡುವಯಸ್ಸಿನಲ್ಲಿ ಸಿಕ್ಕಿದ ಆಟ. ಒಂದು ಬೇಸಿಗೆ ಶಿಬಿರದಲ್ಲಿ ನಿಯಮ ಕಲಿತು ಬಂದರು, ಊರ ಹುಡುಗರನ್ನು ಕೂಡಿಸಿ ತರುಣ ಮಂಡಳ ಕಟ್ಟಿದರು, ವಖಾರಿಯ ಮಾಲೀಕರಿಗೆ ದುಂಬಾಲು ಬಿದ್ದು ಅಂಗಳದಲ್ಲಿ ಎರಡು ಕಂಬ ನೆಡಿಸಿದರು.

“ಮಂದಿ ಆನಿ ನೋಡಾಕ ಸರ್ಕಸ್ಸಿಗೆ ಹೊಕ್ಕಾರ,” ಎನ್ನುತ್ತಾರೆ ಬಾಳಾಸಾಬ. ಎಪ್ಪತ್ತು ದಾಟಿದೆ, ದನಿ ಇನ್ನೂ ತಾಲೀಮಿನ ಗೋಡೆಗೆ ಬಡಿದು ಬಂದಂತಿದೆ. “ನಂಗ ಆನಿ ವಖಾರ್ಯಾಗ ಸಿಕ್ತು. ಆದ್ರ ಆನಿ ಹೊಟ್ಟಿ ಬೆನ್ನಿಗೆ ಹತ್ತಿತ್ತು. ಇದ್ದಾಂವ ಎಷ್ಟು? ಎಂಬತ್ತೈದು ಕಿಲೋ! ಆ ಎತ್ತರಕ್ಕ ಅದು ತೂಕೇನ್ರಿ? ಗಾಳಿ ಬಿಟ್ರ ಬೀಳತಿದ್ದ.”

ತೂಕ ಹೆಚ್ಚಿಸುವ ವಿದ್ಯೆ ವಸ್ತಾದರಿಗೆ ಗೊತ್ತಿದ್ದದ್ದು ಒಂದೇ, ಪೈಲವಾನರ ಖುರಾಕು. ಹಾಲು, ತುಪ್ಪ, ಬಾದಾಮಿ, ಬೆಲ್ಲ. ದಿಗ್ಗೇವಾಡಿಯಿಂದ ತಾಯಿ ಸೋನಾಬಾಯಿ ಬಸ್ಸಿನವರ ಕೈಯಲ್ಲಿ ತುಪ್ಪದ ಡಬ್ಬಿ ಕಳಿಸುತ್ತಿದ್ದರು. ಇಲ್ಲೊಂದು ತೊಡಕಿತ್ತು. ಭೀಮಗೊಂಡರ ಮನೆತನದಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಪೈಲವಾನರು ರಾತ್ರಿ ಮಲಗುವ ಮುಂಚೆ ಕುಡಿಯುವ ಹಾಲನ್ನು ಇವರು ಸಂಜೆಯ ಅಭ್ಯಾಸಕ್ಕೆ ಮುಂಚೆಯೇ ಕುಡಿದು ಮುಗಿಸಬೇಕು. ಕುಡಿದು ಆಡಬೇಕು.

“ಓಡುಮುಂದ ಹೊಟ್ಟ್ಯಾಗ ಗುಳುಗುಳು ಅಂತಿತ್ತು,” ಎಂದು ನಗುತ್ತಾರೆ ಧನಪಾಲ. ಆಗ ತಂಡದ ಅತಿ ಗಿಡ್ಡ ಆಟಗಾರ, ಚೆಂಡನ್ನು ಬುಟ್ಟಿಯ ಕೆಳಗಿನ ಭೀಮಗೊಂಡರಿಗೆ ಮುಟ್ಟಿಸುವುದು ಅವರ ಕೆಲಸ. ಈಗ ಕಾಗವಾಡದಲ್ಲಿ ಬಟ್ಟೆಯಂಗಡಿ ಇಟ್ಟಿದ್ದಾರೆ. “ಎದುರಿನ ತಂಡದವ್ರಿಗೆ ಸುದ್ದಾ ಕೇಳಿಸ್ತಿತ್ರಿ. ಹಿಂದ ನೋಡೂದ ಬ್ಯಾಡ, ಭೀಮಣ್ಣ ಬಂದಾ ಅಂತ ಸಪ್ಪಳಲೇ ಗೊತ್ತಾಗ್ತಿತ್ತು.”

ಎರಡು ವರ್ಷದಲ್ಲಿ ತೂಕ ಏರಿತು. ಎಷ್ಟು ಏರಿತು ಎಂಬುದಕ್ಕೂ ಒಮ್ಮತವಿಲ್ಲ. ವಸ್ತಾದರು ನೂರಾಹತ್ತು ಎನ್ನುತ್ತಾರೆ, ಧನಪಾಲ ನೂರಾಮೂವತ್ತು. ಭೀಮಗೊಂಡ ಮಾತ್ರ ವಖಾರಿಯ ಕಾಟಾದ ಮೇಲೆ ಆಗಾಗ ನಿಂತು ನೋಡಿಕೊಂಡವರು. ನೂರಾಹದಿನೆಂಟರ ತನಕ ನೋಡಿದೆ, ಆಮೇಲೆ ನೋಡುವುದು ಬಿಟ್ಟೆ ಎನ್ನುತ್ತಾರೆ.

ಖುರಾಕಿನ ಜೊತೆ ಬೈಠಕ್. ಪೂರ್ತಿ ಕೆಳಗೆ ಕುಳಿತು ಪೂರ್ತಿ ಮೇಲೆ ಏಳುವ, ಪೈಲವಾನರ ತೊಡೆಗೆ ಕಬ್ಬಿಣದ ಬಲ ಕೊಡುವ ಕಸರತ್ತು. ತಾಲೀಮಿನಲ್ಲಿ ಹುಡುಗರು ಅದನ್ನು ನೂರುಗಟ್ಟಲೆ ಹೊಡೆಯುತ್ತಾರೆ. ಆದರೆ ತಾಲೀಮಿನ ನೆಲ ಬೇರೆ. ಅಲ್ಲಿ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿರುತ್ತಾರೆ. ಪಾದ ಊರಿದರೆ ಒಳಗೆ ಇಳಿಯುತ್ತದೆ, ಬಿದ್ದರೆ ಮಣ್ಣು ತಡೆದುಕೊಳ್ಳುತ್ತದೆ. ಭೀಮಗೊಂಡ ಬೈಠಕ್ ಹೊಡೆದದ್ದು ವಖಾರಿಯ ಸಿಮೆಂಟಿನ ಮೇಲೆ, ಬರಿಗಾಲಲ್ಲಿ. ಅವರ ಅಳತೆಯ ಬೂಟು ನಿಪ್ಪಾಣಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಅದೇ ಸಿಮೆಂಟಿನ ಮೇಲೆ ಹಾರಿದರು, ಇಳಿದರು.

ಇಷ್ಟನ್ನು ಕೇಳಿದವರು ವಸ್ತಾದರ ವಿರುದ್ಧ ತೀರ್ಪು ಕೊಟ್ಟುಬಿಡಬಹುದು. ಆದರೆ ಆ ವರ್ಷಗಳ ಫಲಿತಾಂಶವನ್ನೂ ನೋಡಬೇಕು. ಚಿಕ್ಕೋಡಿ, ಅಥಣಿ, ಮೀರಜ, ಇಚಲಕರಂಜಿ. ಮಂಡಳ ಹೋದಲ್ಲೆಲ್ಲ ಗೆದ್ದು ಬಂತು. ಬುಟ್ಟಿಯ ಕೆಳಗೆ ನಿಂತ ಭೀಮಗೊಂಡರನ್ನು ಜಾಗ ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಇಬ್ಬರು ಎದೆಗೆ ಒತ್ತಿದರೆ ಇಬ್ಬರನ್ನೂ ಹೊತ್ತುಕೊಂಡೇ ಕೈ ಮೇಲೆತ್ತುತ್ತಿದ್ದರು. ಪೈಲವಾನನ ತೂಕ, ಪೈಲವಾನನ ನಿಲುವು. ವಸ್ತಾದರ ವಿದ್ಯೆ ಫಲ ಕೊಟ್ಟಿತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಧನಪಾಲರೂ ಅಲ್ಲಗಳೆಯುವುದಿಲ್ಲ.

“ಗೆಲ್ಲಸಿದ್ರು ಖರೇ,” ಎನ್ನುತ್ತಾರೆ ಅವರು. “ಆದ್ರ ಒಂದ ಆಟದಾಗರೆ ಕುಂದ್ರಸಿದ್ರೇನ? ನಾವ ಮೂವತ್ತು ಅಂಕ ಮುಂದ ಇದ್ರೂ ಭೀಮಣ್ಣ ಒಳಗ. ನಲವತ್ತ ನಿಮಿಷಕ್ಕ ನಲವತ್ತ ನಿಮಿಷ. ಹೊರಗ ತಗೀರಿ ವಸ್ತಾದ್ರ ಅಂದ್ರ ಏನಂತಿದ್ರು ಗೊತ್ತೇನ್ರಿ? ‘ಕುಸ್ತಿ ನಡುವ ಪೈಲವಾನನ್ನ ಹೊರಗ ಕರಿತಾರೇನಲೇ?’ ಅಂತಿದ್ರು.”

ಬಾಳಾಸಾಬರನ್ನು ಇದರ ಬಗ್ಗೆ ಕೇಳಿದರೆ ಮುಚ್ಚುಮರೆ ಇಲ್ಲ. “ಕರಿಲಿಲ್ಲ. ಯಾಕ ಕರೀಬೇಕು? ಮಂದಿ ಅವನ್ನ ನೋಡಾಕ ಬರ್ತಿದ್ರು. ಧನ್ಯಾ ಕುಂತ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಅದಕ್ಕ ಆ ಮಗಗ ಇನ್ನೂ ಹೊಟ್ಟಿ ಉರಿ.”

೧೯೮೫ರ ಚಳಿಗಾಲದಲ್ಲಿ ಭೀಮಗೊಂಡರ ಎಡ ಮೊಣಕಾಲು ಊದಿತು. ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂದಿತ್ತು, ಹೋಗಲು ಇನ್ನೊಂದು ತಿಂಗಳಿತ್ತು. ನಡುವೆ ಅಥಣಿಯಲ್ಲಿ ಪಂದ್ಯಾವಳಿ. ವಸ್ತಾದರು ತಾಲೀಮಿನ ಪದ್ಧತಿಯಂತೆ ಬಿಸಿ ಎಣ್ಣೆ ಹಚ್ಚಿ, ಹೆಬ್ಬೆರಳು ಊರಿ, ಊತ ಇಳಿಯುವ ತನಕ ತಿಕ್ಕಿದರು. ಮಾರನೆಯ ದಿನ ಆಡಿಸಿದರು. ಸೆಮಿಫೈನಲಿನ ಎರಡನೆಯ ಅರ್ಧದಲ್ಲಿ ಬೋರ್ಡಿಗೆ ಬಡಿದು ಬಂದ ಚೆಂಡಿಗೆ ಹಾರಿದ ಭೀಮಗೊಂಡ ಎಡಗಾಲ ಮೇಲೆ ಇಳಿದರು.

“ಕಬ್ಬು ಮುರದಂಗ ಸಪ್ಪಳಾತು,” ಎನ್ನುತ್ತಾರೆ ಧನಪಾಲ. ಭೀಮಗೊಂಡರಿಗೆ ಸಪ್ಪಳದ ನೆನಪಿಲ್ಲ. ಚೆಂಡು ಕೈಯಲ್ಲೇ ಇತ್ತು, ಬಿಟ್ಟಿರಲಿಲ್ಲ ಎಂಬುದು ನೆನಪಿದೆ. ಶಿಬಿರಕ್ಕೆ ಹೋಗಲಾಗಲಿಲ್ಲ. ಮತ್ತೆ ಆಡಲೂ ಇಲ್ಲ. ಎಡಗಾಲನ್ನು ಉಳಿಸಿಕೊಳ್ಳಲು ಹೋಗಿ ಎಲ್ಲ ಭಾರ ಬಿದ್ದ ಬಲ ಮೊಣಕಾಲೂ ಮೂರ್ನಾಲ್ಕು ವರ್ಷದಲ್ಲಿ ಸೋತಿತು. ಹಮಾಲಿ ಆಗದ ಮೇಲೆ ವಖಾರಿಯ ಮಾಲೀಕರು ಕಾಟಾದ ಮುಂದೆ ನಿಲ್ಲಿಸಿದರು.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಯನ್ನು ಊರಿನವರಿಗಿಂತ ಹೆಚ್ಚು ತಾಳ್ಮೆಯಿಂದ ಬೆನ್ನು ಹತ್ತಿದವರು ಸ್ವತಃ ಭೀಮಗೊಂಡ. ಕೋಪದಿಂದಲ್ಲ, ತಿಳಿದುಕೊಳ್ಳುವ ಚಟದಿಂದ. ಮೀರಜಿನ ಡಾಕ್ಟರರನ್ನು ಕೇಳಿದರು. ಇಷ್ಟು ಎತ್ತರ, ಇಷ್ಟು ತೂಕ, ಚಪ್ಪಟೆ ಪಾದ ಎಂದು ಡಾಕ್ಟರರು ಮೂರೂ ಹೇಳಿದರು. ಯಾವುದಕ್ಕೆ ಎಷ್ಟು ಪಾಲು ಎಂದು ಹೇಳಲಿಲ್ಲ. ಊರಿಗೆ ಹೋದಾಗ ಜಿನ್ನಪ್ಪ ಕಾಕಾನ ನಡಿಗೆಯನ್ನು ಗಮನಿಸಿದರು. ಜೀವಮಾನದಲ್ಲಿ ಬಾಸ್ಕೆಟ್‌ಬಾಲ್ ಮುಟ್ಟದ ಮನುಷ್ಯ, ನಲವತ್ತೈದಕ್ಕೇ ಕೋಲು ಹಿಡಿದಿದ್ದರು.

“ಅದನ್ನ ನೋಡಿ ನಾ ಅನ್ಕೊಂಡೆ, ವಸ್ತಾದ್ರದು ತಪ್ಪಿಲ್ಲ, ನಮ್ಮ ಮನೆತನದ ಮೊಣಕಾಲ ಹಿಂಗ ಅಂತ,” ಎನ್ನುತ್ತಾರೆ. “ಧನಪಾಲಗ ಹೇಳಿದೆ. ಅಂವ ಅಂದ, ‘ನಿಮ್ಮ ಕಾಕಾ ನಲವತ್ತೈದರ ತನಕರೆ ನಡದಾನಲ್ಲೋ, ನೀ ಇಪ್ಪತ್ತೈದಕ್ಕ ಕುಂತಿ.’ ಅದೂ ಖರೇನ. ಮತ್ತ ನೋಡ್ರಿ, ಅದ ಸಿಮೆಂಟಿನ ಮ್ಯಾಲ ಅಂವನೂ ನನ್ನಷ್ಟ ಬೈಠಕ್ ಹೊಡದಾನ. ಅಂವಾ ಇವತ್ತಿಗೂ ಸೈಕಲ್ ಹೊಡಿತಾನ. ಹಂಗಂದ್ರ ಬೈಠಕ್ಕಿಂದು ತಪ್ಪಿಲ್ಲೇನ? ಅಂವಾ ಐವತ್ತೈದ ಕಿಲೋ ಇದ್ದ, ಅದನ್ನೂ ಹಿಡೀಬೇಕಲ್ಲ.”

ನಗುತ್ತಾರೆ. “ದೇವ್ರು ಎರಡ ಮೊಣಕಾಲ ಕೊಟ್ಟಿದ್ದ. ಒಂದಕ್ಕ ಬೈಠಕ್ ಹೊಡಸಿ ಇನ್ನೊಂದನ್ನ ಸುಮ್ಮನ ಬಿಟ್ಟಿದ್ರ ಗೊತ್ತಾಗ್ತಿತ್ತು. ಎರಡಕ್ಕೂ ಕೂಡೆ ಹೊಡಸಿಬಿಟ್ಟೆ.”

ಇದೆಲ್ಲ ಚಹಾದಂಗಡಿಯ ಕುತೂಹಲವಾಗಿಯೇ ಉಳಿಯುತ್ತಿತ್ತೇನೋ. ಕಳೆದ ಡಿಸೆಂಬರಿನಲ್ಲಿ ಅದೇ ಪ್ರಶ್ನೆ ಬೇರೊಂದು ಮೊಣಕಾಲಿನ ಮೇಲೆ ಬಂದು ಕುಳಿತಿತು.

ತಾರವ್ವನಿಗೆ ಹದಿನೇಳು. ಐದಡಿ ಹನ್ನೊಂದು ಇಂಚು. ಬೀದಿಯಲ್ಲಿ ಹೋದರೆ ಪೋರರು “ಏ ಲೈಟಿನ ಕಂಬ” ಎಂದು ಕೂಗುತ್ತಾರೆ. ಅವಳು ತಿರುಗಿ, “ನಿಮ್ಮವ್ವನ್ನ ಕಳಸ್ರಿ, ಬಲ್ಬ್ ಹಚ್ಚಿ ಕೊಡ್ತೀನಿ” ಎನ್ನುತ್ತಾಳೆ. ಅವಳ ಅವ್ವ ಲಗಮವ್ವ ಬೀಡಿ ಸುತ್ತಿ ಮನೆ ನಡೆಸುವವರು. ಭೀಮಗೊಂಡ ಐದು ವರ್ಷದಿಂದ ತಾರವ್ವನಿಗೆ ಆಟ ಕಲಿಸಿದ್ದಾರೆ. ಖುರಾಕು ಇಲ್ಲ, ಬೈಠಕ್ ಇಲ್ಲ. ಬಾಳಾಸಾಬರಿಗೆ ಅದು ಸರಿಬರುವುದಿಲ್ಲ. ಮಂಡಳದ ಅಧ್ಯಕ್ಷರಾಗಿ ವಾರಕ್ಕೊಮ್ಮೆ ಅಂಗಳಕ್ಕೆ ಬಂದು, “ಭೀಮ್ಯಾ, ಈ ಪೋರಿಗೆ ತಿನಸೋ. ಕಡ್ಡಿ ಆಗ್ಯಾಳ” ಎಂದು ಹೇಳಿ ಹೋಗುತ್ತಾರೆ.

ಡಿಸೆಂಬರಿನ ಒಂದು ಭಾನುವಾರ ಅಥಣಿಯಲ್ಲಿ ಜೂನಿಯರ್ ಹುಡುಗಿಯರ ಫೈನಲ್ ಇತ್ತು. ನೋಡಲು ಬೆಂಗಳೂರಿನಿಂದ ಕ್ರೀಡಾ ವಸತಿನಿಲಯದ ಆಯ್ಕೆದಾರರೊಬ್ಬರು ಬರುವವರಿದ್ದರು. ಆಯ್ಕೆಯಾದರೆ ಊಟ, ವಸತಿ, ಕಾಲೇಜು ಎಲ್ಲವೂ ಸರಕಾರದ್ದು. ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿಯ ದಾರಿ. ಗುರುವಾರ ಬೆಳಿಗ್ಗೆ ತಾರವ್ವನ ಎಡ ಮೊಣಕಾಲು ಊದಿತ್ತು.

ಶನಿವಾರ ಅಂಗಳದಲ್ಲಿ ಪಂಚಾಯಿತಿ ಸೇರಿತು. ಲಗಮವ್ವ ಬಂದಿದ್ದರು, ವಸ್ತಾದರೂ ಬಂದಿದ್ದರು. ತಾರವ್ವ ಎಲ್ಲರ ಮುಂದೆ ಮೂರು ಸಲ ಹಾರಿ ತೋರಿಸಿ, “ಏನೂ ಆಗಿಲ್ರಿ ಸರ್, ನೋವ ಇಲ್ಲ” ಎಂದಳು.

ವಸ್ತಾದರು ಮೊಣಕಾಲನ್ನು ಒತ್ತಿ ನೋಡಿದರು. “ಸ್ವಲ್ಪ ಐತಿ. ರಾತ್ರಿ ಬಿಸಿ ಎಣ್ಣಿ ಹಚ್ಚು, ನಾಳೆ ಆಡ್ತಾಳ.”

“ನಂಗೂ ಇದ ಹೇಳಿದ್ರಿ ವಸ್ತಾದ್ರ,” ಎಂದರು ಭೀಮಗೊಂಡ.

“ಹೇಳಿದ್ದೆ. ನೀ ಆಡಿದೆಪಾ. ನಾ ನಿನ್ನ ಕೈಕಾಲ ಕಟ್ಟಿ ಒಯ್ದಿದ್ನೇನ? ಆಡತೇನ್ರಿ, ಆಡತೇನ್ರಿ ಅಂತ ನೀನ ಕುಣದಿ, ಈಗ ಇಕಿ ಕುಣದಂಗ.”

ಅದು ನಿಜವಾಗಿತ್ತು. ಲಗಮವ್ವ ನಡುವೆ ಬಾಯಿ ಹಾಕಿದರು: “ಅಣ್ಣಾ, ನಿಮ್ಮ ಮೊಣಕಾಲ ಹೋದ್ರೂ ಕಾಟಾದ ಮುಂದ ನಿಲ್ಲಾಕ ಜಾಗಾ ಸಿಕ್ತು. ನನ್ನ ಮಗಳಿಗೆ ಯಾರ ಕೊಡ್ತಾರ? ಆಕಿಗೆ ಇರೂದು ನಾಳಿಂದೊಂದ ದಿನ.”

ಭೀಮಗೊಂಡ ಹತ್ತು ನಿಮಿಷಕ್ಕೆ ಒಪ್ಪಿದರು. ಹತ್ತು ನಿಮಿಷ ಆಡಲಿ, ಆಯ್ಕೆದಾರರು ನೋಡಲಿ, ಆಮೇಲೆ ಹೊರಗೆ. ಊತ ಹೆಚ್ಚಾಗದಿದ್ದರೆ ಕೊನೆಗೆ ವಿಚಾರ ಮಾಡೋಣ ಎಂದರು. ಲಗಮವ್ವ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡು ಮನೆಗೆ ಹೋದರು.

ಅಥಣಿಯಲ್ಲಿ ಆ ಹತ್ತು ನಿಮಿಷ ತಾರವ್ವ ಆಡಿದ ಆಟವನ್ನು ಧನಪಾಲ ಕಾಗವಾಡದಿಂದ ಬಂದು ನೋಡಿದ್ದರು. ಚಿಕ್ಕೋಡಿಯ ತಂಡದ ಇಬ್ಬರು ಎತ್ತರದ ಹುಡುಗಿಯರ ಕೈಯಿಂದ ಚೆಂಡನ್ನು ಹಣ್ಣು ಕಿತ್ತಂತೆ ಕಿತ್ತುಕೊಂಡಳು ಎನ್ನುತ್ತಾರೆ. ಹತ್ತು ನಿಮಿಷಕ್ಕೆ ಸರಿಯಾಗಿ ಭೀಮಗೊಂಡ ಅವಳನ್ನು ಹೊರಗೆ ಕರೆದರು. ನಿಪ್ಪಾಣಿಯ ತಂಡ ಒಂಬತ್ತು ಅಂಕ ಮುಂದಿತ್ತು.

ಎರಡನೆಯ ಅರ್ಧದಲ್ಲಿ ಆ ಒಂಬತ್ತು ಕರಗತೊಡಗಿತು. ಆರಾಯಿತು, ಎರಡಾಯಿತು. ಕೊನೆಯ ಐದು ನಿಮಿಷ ಇದ್ದಾಗ ಚಿಕ್ಕೋಡಿಯವರು ಮುಂದೆ ಹೋದರು. ಬಾಳಾಸಾಬ ಬೇಲಿಯ ಹೊರಗಿನಿಂದ, “ಆಕಿನ್ನ ಬಿಡೋ ಭೀಮ್ಯಾ! ಬಿಡಲೇ!” ಎಂದು ಕೂಗುತ್ತಿದ್ದರು. ತಾರವ್ವ ಬೆಂಚಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತಳು. “ಸರ್, ಹೋಗ್ತೀನ್ರಿ.”

ಭೀಮಗೊಂಡ ಅಂಕಫಲಕ ನೋಡಲಿಲ್ಲ, ಅವಳ ಮೊಣಕಾಲು ನೋಡಿದರು. ಅವರು ಹೇಳುವ ಪ್ರಕಾರ ಊತ ಹೆಚ್ಚಾಗಿರಲಿಲ್ಲ. “ಹೆಚ್ಚಾಗಿದ್ರ ಸಲೀಸ ಆಗ್ತಿತ್ತು, ನೋಡ ಅಂತ ತೋರಿಸ್ತಿದ್ದೆ. ಕಡಿಮಿ ಆಗಿದ್ರೂ ಸಲೀಸ, ಬಿಡ್ತಿದ್ದೆ. ಇದ್ದಷ್ಟ ಇತ್ತು.”

ಬಿಡಲಿಲ್ಲ. ನಿಪ್ಪಾಣಿಯ ತಂಡ ಮೂರು ಅಂಕದಿಂದ ಸೋತಿತು. ಆಯ್ಕೆದಾರರು ಚಿಕ್ಕೋಡಿಯ ಆ ಇಬ್ಬರನ್ನೂ ಆರಿಸಿಕೊಂಡರು. ತಾರವ್ವನ ಬಗ್ಗೆ, ಹತ್ತು ನಿಮಿಷದಲ್ಲಿ ಏನು ಹೇಳಲಿಕ್ಕಾಗುತ್ತದೆ, ಬರುವ ವರ್ಷ ನೋಡೋಣ ಎಂದು ಹೊರಟುಹೋದರು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಉಳಿದಿರುವುದು ಅದೊಂದೇ ವರ್ಷ.

ತಿರುಗಿ ಬರುವ ಬಸ್ಸು ಚಿಕ್ಕೋಡಿ ದಾಟಿತು. ಆಮೇಲೆ ವಸ್ತಾದರು ಹಿಂದಿನ ಸೀಟಿನಿಂದ, “ನಿನ್ನ ಜಾಗಾದಾಗ ನಾ ಇದ್ದಿದ್ರ ಆಡಸ್ತಿದ್ದೆ. ಗೆಲ್ಲಸ್ತಿದ್ದೆ” ಎಂದರು.

“ಹೌದ್ರಿ,” ಎಂದರು ಭೀಮಗೊಂಡ. “ಗೆಲ್ಲಸ್ತಿದ್ರಿ.”

ವಸ್ತಾದರಿಗೆ ಆ ಉತ್ತರ ಹಿಡಿಸಲಿಲ್ಲ. ನಿಪ್ಪಾಣಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಆದರೆ ಇಳಿಯುವಾಗ, ಮೆಟ್ಟಿಲಲ್ಲಿ ತಡವರಿಸಿದ ಭೀಮಗೊಂಡರಿಗೆ ಹೆಗಲು ಕೊಟ್ಟವರು ಅವರೇ. “ಹಿಡಕೋಲೇ,” ಎಂದಷ್ಟೇ ಅಂದರು.

ತಾರವ್ವ ಅಂಗಳಕ್ಕೆ ಬರುವುದನ್ನು ಬಿಟ್ಟಳು. ಆ ವಾರದ ಕೊನೆಗೆ ಲಗಮವ್ವ ವಖಾರಿಯ ಬಾಗಿಲಿಗೆ ಬಂದು ನಿಂತರು. ಕಾಟಾದ ಮುಂದೆ ಹಮಾಲರೆಲ್ಲ ಇದ್ದರು; ಅವರೆಲ್ಲರೂ ಕೇಳುವಂತೆಯೇ ಹೇಳಿದರು.

“ನಿಮ್ಮ ಮೊಣಕಾಲಿನ ಸೇಡು ನನ್ನ ಮಗಳ ಮ್ಯಾಲ ತೀರಸ್ಕೊಂಡ್ರೇನ್ರಿ ಅಣ್ಣಾ?”

ಭೀಮಗೊಂಡ ತೂಕದ ಕಲ್ಲು ಕೆಳಗಿಟ್ಟರು.

“ಭಾಳ ಜ್ವಾಪಾನ ಮಾಡಿದ್ರಲ್ಲ. ಬಂದ ನೋಡ್ರಿ ಈಗ. ಅದ ಮೊಣಕಾಲ ಮಡಚಿ ಮುಂಜಾನಿಂದ ಸಂಜೀತನಾ ಬೀಡಿ ಸುತ್ತಾಕತ್ತಾಳ.”

ಇದನ್ನು ಮಾತ್ರ ಅವರು ಯೋಚಿಸಿರಲಿಲ್ಲ. ಹನ್ನೆರಡು ವರ್ಷ ಯಾವ ಕಸರತ್ತು ಮೊಣಕಾಲನ್ನು ಕೆಡಿಸುತ್ತದೆ, ಯಾವ ನೆಲ ಕೆಡಿಸುತ್ತದೆ ಎಂದು ಎಣಿಸುತ್ತ ಬಂದವರು, ತಮ್ಮ ಅರ್ಧ ತಂಡ ದಿನಾ ಸಂಜೆ ಮನೆಯ ಮೂಲೆಯಲ್ಲಿ ಕಾಲು ಮಡಚಿ ಮೊರ ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವಸ್ತಾದರಿಗೆ ಸಿಮೆಂಟು ಕಂಡಿರಲಿಲ್ಲ. ಇವರಿಗೆ ಮೊರ ಕಂಡಿರಲಿಲ್ಲ.

ಆ ಸಂಜೆ ವಖಾರಿಯ ಎರಡು ಹಳೆಯ ಕಟ್ಟಿಗೆಯ ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಲಗಮವ್ವನ ಮನೆಗೆ ಹೋದರು. ಬಾಗಿಲ ಚೌಕಟ್ಟಿಗಿಂತ ಅವರೇ ಎತ್ತರ. ತಲೆ ಬಗ್ಗಿಸಿ, ಗೋಡೆ ಹಿಡಿದು ಒಳಗೆ ಬಂದರು. ಒಂದು ಪೆಟ್ಟಿಗೆ ಕುಳಿತುಕೊಳ್ಳಲು, ಇನ್ನೊಂದು ಎಡಗಾಲನ್ನು ನೀಡಿ ಇಡಲು. ತಾರವ್ವ ತಲೆಯೆತ್ತಿ ನೋಡಲಿಲ್ಲ. ಎಲೆ ಕತ್ತರಿಸುತ್ತಲೇ ಇದ್ದಳು.

“ಹಿಂಗ ಕುಂತ ಸುತ್ತಾಕ ಬರ್ತೈತೇನವಾ?” ಎಂದು ಕೇಳಿದರು.

“ನೀವ ಸುತ್ತಿ ನೋಡ್ರಿ,” ಎಂದಳು.

ಭೀಮಗೊಂಡ ಪೆಟ್ಟಿಗೆಯ ಮೇಲೆ ಕುಳಿತರು. ಮೊರ ತೆಗೆದುಕೊಂಡರು. ಅವರ ದಪ್ಪ ಬೆರಳುಗಳಲ್ಲಿ ಎಲೆ ಹರಿಯಿತು, ತಂಬಾಕು ಚೆಲ್ಲಿತು. ಲಗಮವ್ವ ನಗು ಮುಚ್ಚಲು ಸೆರಗು ಬಾಯಿಗೆ ಹಿಡಿದರು. “ಬಿಡ್ರಿ ಅಣ್ಣಾ, ಎಲಿ ಹಾಳ ಮಾಡಬ್ಯಾಡ್ರಿ,” ಎಂದರು. ಆದರೆ ಪೆಟ್ಟಿಗೆಗಳನ್ನು ಹೊರಗೆ ಹಾಕಲಿಲ್ಲ.

ಈಗ ಜನವರಿ. ತಾರವ್ವ ಮತ್ತೆ ಬರುತ್ತಿದ್ದಾಳೆ. ಹಾರುವುದಿಲ್ಲ, ಓಡುವುದಿಲ್ಲ, ನಿಂತಲ್ಲಿಂದ ಬುಟ್ಟಿಗೆ ಚೆಂಡು ಎಸೆಯುತ್ತಾಳೆ, ಕಾಲಿಗೆ ಉಸುಕಿನ ಚೀಲ ಕಟ್ಟಿಕೊಂಡು ನೀಡಿ ಎತ್ತುವ ವ್ಯಾಯಾಮ ಮಾಡುತ್ತಾಳೆ. ಮೀರಜಿಗೆ ಹೋಗಿ ತೋರಿಸಿ ಬಂದಾಗಿದೆ. ಏಪ್ರಿಲ್ ತನಕ ತಡೆಯಿರಿ ಎಂದಿದ್ದಾರೆ ಡಾಕ್ಟರರು. ಭೀಮಗೊಂಡ ಕೇಳಿದ್ದಕ್ಕೆ “ಹೂಂನ್ರಿ”, “ಇಲ್ರಿ” ಎನ್ನುವುದು ಬಿಟ್ಟರೆ ಅವಳು ಹೆಚ್ಚು ಮಾತಾಡುವುದಿಲ್ಲ. ಉಳಿದ ಹುಡುಗಿಯರ ಜೊತೆ ಮೊದಲಿನಂತೆಯೇ ನಗುತ್ತಾಳೆ. ಇವರು ಹತ್ತಿರ ಬಂದರೆ ನಗು ನಿಲ್ಲುತ್ತದೆ.

ಚಹಾದಂಗಡಿಗೆ ಈಗ ಎರಡನೆಯ ವಾದವೂ ಸಿಕ್ಕಿದೆ. ಬಾಳಾಸಾಬ ಒಂದು ಮೊಣಕಾಲು ಕೆಡಿಸಿದರೋ, ಭೀಮಗೊಂಡ ಒಂದು ಬದುಕು ಕೆಡಿಸಿದರೋ. ಧನಪಾಲ ಎರಡನೆಯದರಲ್ಲಿ ಯಾರ ಪರ ಎಂದು ಹೇಳುವುದಿಲ್ಲ.

ತಾರವ್ವನನ್ನು ಆಡಿಸದೆ ಇದ್ದದ್ದು ಸರಿಯೇ ಎಂದು ಭೀಮಗೊಂಡರನ್ನೇ ಕೇಳಿದರೆ, ಕಂಬಕ್ಕೆ ಬೆನ್ನು ಆನಿಸುತ್ತಾರೆ.

“ಗೊತ್ತಿಲ್ರಿ. ಗೊತ್ತಾಗೂದೂ ಇಲ್ಲ. ವಸ್ತಾದ್ರು ಮಾಡಿದ್ದು ನನ್ನ ನಡಿಗ್ಯಾಗ ಕಾಣತೈತಿ, ಊರಿಗೆಲ್ಲಾ ಕಾಣತೈತಿ. ನಾ ಮಾಡಿದ್ದು ಕಾಣಂಗಿಲ್ಲ. ಆಕಿ ಕಾಲು ಚಂದ ಉಳೀತಂದ್ರ, ಅದು ಮೊದಲ ಚಂದ ಇತ್ತು ಅಂತಾರ. ಚಂದ ಇದ್ದ ಮೊಣಕಾಲಿನ ಸುದ್ದಿ ಯಾರ ಮಾತಾಡ್ತಾರ್ರಿ?”

ಅಂಗಳದ ಆ ತುದಿಯಲ್ಲಿ ತಾರವ್ವ ಎಸೆದ ಚೆಂಡು ಬುಟ್ಟಿಗೆ ಬೀಳುತ್ತದೆ. ಅವಳು ಇವರ ಕಡೆ ನೋಡುವುದಿಲ್ಲ.

“ಬೈತಾಳ, ಗೊತ್ತೈತಿ ನಂಗ. ಬೈಲಿ. ನಲವತ್ತ ವರ್ಸದಾಕಿ ಆಗಿ, ತುಂಬಿದ ಕೊಡಾ ಹೊತ್ತು ಮಾಳಿಗಿ ಹತ್ತುಮುಂದ ಒಂದೊಂದ ಪಾವಟಿಗೆಗೆ ನನ್ನ ಹೆಸರ ಹಿಡದ ಬೈಲಿ. ಕೈ ಆಸರ ಇಲ್ಲದ ಹತ್ತಿದ್ಲಂದ್ರ ಸಾಕ್ರಿ ನಂಗ.”